ಸೂಲಗಿತ್ತಿ: ಒಂದು ಕಸುಬು, ನಾಲ್ಕು ನುಡಿ



ಬಂಗಾರಪೇಟೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಕರೆಯುವ ಹಸುವನ್ನು ಕೊಳ್ಳಲು ಹೋದವರು ಬೆಲೆ ಕೇಳುವ ಮುನ್ನ ಕೇಳುವ ಪ್ರಶ್ನೆ ಒಂದಿದೆ: ‘ಎಷ್ಟನೇ ಸೂಲು?’ ಮಾರುವವರು ತೆಲುಗು ಮನೆಯವರಾದರೆ ಅದೇ ಪ್ರಶ್ನೆ ‘ಎನ್ನೋ ಈತ?’ ಎಂದಾಗುತ್ತದೆ, ತಮಿಳು ಮನೆಯವರಾದರೆ ‘ಎತ್ತನಾವದು ಈತ್ತು?’ ಎಂದಾಗುತ್ತದೆ. ತೆಲುಗಿನ ಈತ, ತಮಿಳಿನ ಈತ್ತು ಎರಡೂ ಕನ್ನಡದ ‘ಈಯು’ ಎಂಬ ಕ್ರಿಯಾಪದದ ಒಡಹುಟ್ಟುಗಳು. ‘ಹಸು ಈಯಿತು’ ಎನ್ನುವ ಮಾತು ಕನ್ನಡಿಗರಿಗೆ ಹೊಸದಲ್ಲ. ಆದರೆ ಲೆಕ್ಕ ಕೇಳುವಾಗ ಕನ್ನಡ ಮಾತ್ರ ಬೇರೆ ಪದ ಹಿಡಿಯುತ್ತದೆ. ಅದು ‘ಸೂಲು’.

ಇದೇ ‘ಸೂಲು’ ಒಂದು ಕಾಲಕ್ಕೆ ಹೆಂಗಸರ ಮಾತಿನಲ್ಲೂ ಇತ್ತು. ಚೊಚ್ಚಲ ಸೂಲು, ಎರಡನೆಯ ಸೂಲು ಎಂದು ತಾಯಂದಿರು ತಮ್ಮ ಹೆರಿಗೆಗಳನ್ನೇ ಎಣಿಸಿಕೊಳ್ಳುತ್ತಿದ್ದರು. ಈಗ ಅದು ಕೊಟ್ಟಿಗೆಯಲ್ಲಿ ಉಳಿದು ಮನೆಯೊಳಗಿನಿಂದ ಹೊರಟುಹೋಗಿದೆ. ಒಳಗೆ ಇರುವುದು ‘ಹೆರಿಗೆ’. ಅದಕ್ಕಿಂತ ಹೆಚ್ಚಾಗಿ ‘ಡೆಲಿವರಿ’. ಸೂಲು ಹೋದಂತೆ ಅದರ ಬೆನ್ನಿಗೇ ಇನ್ನೊಂದು ಪದವೂ ಹೋಗುತ್ತಿದೆ. ಅದು ಭೂಮಿಗೆ ಬರುವ ಜೀವವನ್ನು ಮೊದಲು ಕೈಯಲ್ಲಿ ಹಿಡಿಯುತ್ತಿದ್ದವಳ ಹೆಸರು: ಸೂಲಗಿತ್ತಿ.

ಜೀವ ತರುವವರಿಗೆ ಕನ್ನಡದಲ್ಲಿ ಹೆಸರುಗಳಿಗೇನೂ ಕೊರತೆಯಿಲ್ಲ. ಜನ್ಮದಾತೆ, ಜೀವದಾತ, ಪ್ರಾಣದಾತ ಎಂಬ ಸಂಸ್ಕೃತ ಪದಗಳು ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಆದರೆ ಇವುಗಳ ಬಳಕೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜನ್ಮದಾತೆ ಎಂದರೆ ಹೆತ್ತ ತಾಯಿ. ಪ್ರಾಣದಾತ ಎಂದರೆ ಹೋಗುತ್ತಿದ್ದ ಪ್ರಾಣವನ್ನು ಉಳಿಸಿದವನು. ಇವೆಲ್ಲ ಕೊಡುವವರ ಹೆಸರುಗಳು. ಸೂಲಗಿತ್ತಿ ಕೊಡುವವಳೂ ಅಲ್ಲ, ಉಳಿಸುವವಳು ಮಾತ್ರವೂ ಅಲ್ಲ. ಒಡಲಿನಿಂದ ಬೆಳಕಿಗೆ ಬರುವ ದಾರಿಯಲ್ಲಿ ನಿಂತು ಜೀವವನ್ನು ಬರಮಾಡಿಕೊಳ್ಳುವವಳು ಅವಳು. ‘ದಾತ’ ಪದಗಳು ಅವಳಿಗೆ ಹೊಂದುವುದಿಲ್ಲ.

ಕೋಲಾರದ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆ ಇವಳ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ತಕ್ಕ ನೆಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು ಜನರ ಬಾಯಲ್ಲಿ ಬಂಗಾರಪೇಟೆ ಆಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟು, ಸೇಲಂ ಕಡೆಯಿಂದ ತಮಿಳರೂ ಚಿತ್ತೂರು ಕಡೆಯಿಂದ ತೆಲುಗರೂ ಕೆಲಸಕ್ಕೆ ಬಂದರು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುದಾರಿ ಬಂತು. ಗಣಿಯ ‘ಲೈನು’ಗಳಲ್ಲಿ, ಬಿದಿರು ತಟ್ಟಿಯ ಒಂಟಿಕೋಣೆ ಮನೆಗಳಲ್ಲಿ ಸಂಸಾರಗಳು ಬೆಳೆದವು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಹುಟ್ಟಿದವು. ಸುತ್ತಲ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು, ಲೈನುಗಳಲ್ಲಿ ತಮಿಳು, ಪೇಟೆಯಲ್ಲಿ ದಖನಿ ಉರ್ದು, ಗುಡ್ಡದ ಮೇಲಿನ ಬಂಗಲೆಗಳಲ್ಲಿ ಇಂಗ್ಲಿಷು. ಇಷ್ಟು ನುಡಿಗಳ ಮಕ್ಕಳು ಹುಟ್ಟಿದ ಈ ಊರಿನಲ್ಲಿ ಹೆರಿಗೆಗೆ ಕರೆದು ತರುತ್ತಿದ್ದ ಹೆಂಗಸಿಗೂ ಅಷ್ಟೇ ಹೆಸರುಗಳಿದ್ದವು.

ಮೊದಲು ಕನ್ನಡದ ಹೆಸರನ್ನೇ ಬಿಡಿಸಬಹುದು. ಸೂಲು ದ್ರಾವಿಡ ಮೂಲದ ಪದ. ತಮಿಳಿನಲ್ಲಿ ‘ಸೂಲ್’ ಎಂದರೆ ಬಸಿರು. ಮಳೆ ತುಂಬಿಕೊಂಡ ಮೋಡವನ್ನೂ ತಮಿಳರು ಸೂಲ್ ಹೊತ್ತ ಮೋಡ ಎನ್ನುತ್ತಾರೆ. ಶಾಲೆಯ ಸಸ್ಯಶಾಸ್ತ್ರ ಪುಸ್ತಕಗಳಲ್ಲಿ ಹೂವಿನ ಹೆಣ್ಣು ಭಾಗಕ್ಕೆ ‘ಸೂಲಗಂ’ ಎಂಬುದೇ ಹೆಸರು. ತೆಲುಗಿನ ‘ಚೂಲು’ ಕೂಡ ಬಸಿರೇ. ‘ಚೂಲಾಲು’ ಎಂದರೆ ಬಸುರಿ. ನೆರೆಯ ಎರಡು ನುಡಿಗಳಲ್ಲಿ ಹೊರುವ ತಿಂಗಳುಗಳನ್ನು ಹೇಳುವ ಪದ ಕನ್ನಡದಲ್ಲಿ ಹೆರುವ ಗಳಿಗೆಯನ್ನು ಹೇಳುತ್ತದೆ. ಸಂಸ್ಕೃತದ ಸೂತಿ, ಪ್ರಸೂತಿ, ಪ್ರಸವ ಪದಗಳು ಕಿವಿಗೆ ಇದರಂತೆಯೇ ಕೇಳಿಸಿದರೂ ಅವುಗಳ ಬೇರು ‘ಸೂ’ ಎಂಬ ಸಂಸ್ಕೃತ ಧಾತು. ಬರೋ ಮತ್ತು ಎಮೆನೊ ಅವರು ಸಿದ್ಧಪಡಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ಸೂಲನ್ನು ದ್ರಾವಿಡ ಪದವಾಗಿಯೇ ಪಟ್ಟಿಮಾಡಿದೆ.

ಇನ್ನು ‘ಗಿತ್ತಿ’. ಒಕ್ಕಲಿಗನಿಂದ ಒಕ್ಕಲಗಿತ್ತಿ, ಹೂವಾಡಿಗನಿಂದ ಹೂವಾಡಗಿತ್ತಿ, ಅಗಸನಿಂದ ಅಗಸಗಿತ್ತಿ. ಇವೆಲ್ಲ ಗಂಡಸಿನ ಕಸುಬಿನ ಹೆಸರಿನಿಂದ ಹೊರಟ ಹೆಣ್ಣು ರೂಪಗಳು. ಸೂಲಗಿತ್ತಿಗೆ ಅಂಥ ಗಂಡು ರೂಪ ಬಳಕೆಯಲ್ಲಿಲ್ಲ. ಕಸುಬೂ ಅವಳದೇ, ಹೆಸರೂ ಅವಳದೇ.

ತಮಿಳಿನ ‘ಮರುತ್ತುವಚ್ಚಿ’ ಹೀಗಲ್ಲ. ಅದು ಮರುತ್ತುವನ್, ಅಂದರೆ ವೈದ್ಯ ಎಂಬ ಪದದ ಸ್ತ್ರೀಲಿಂಗ. ಮರುಂದು ಎಂದರೆ ಔಷಧ. ಹಳಗನ್ನಡದ ಮರ್ದು, ಇಂದಿನ ಮದ್ದು ಇದರ ನಂಟು. ಗಣಿಯ ಊರಿನಲ್ಲಿ ಮದ್ದು ಎಂದರೆ ಬಂಡೆ ಸಿಡಿಸುವ ಸ್ಫೋಟಕವೂ ಹೌದು, ತಮಿಳಿನಲ್ಲಿ ಅದು ವೆಡಿಮರುಂದು. ಒಂದೇ ಬೇರಿನ ಪದ ನೆಲದಡಿಯಲ್ಲಿ ಕಲ್ಲು ಒಡೆಯುವುದಕ್ಕೂ ನೆಲದ ಮೇಲೆ ಹೆರಿಗೆ ಮಾಡಿಸುವವಳಿಗೂ ಒದಗಿತು. ತಮಿಳು ಹೆಸರು ಅವಳನ್ನು ವೈದ್ಯಳೆಂದು ಕರೆದ ಮಾತ್ರಕ್ಕೆ ಅವಳಿಗೆ ವೈದ್ಯರ ಮನ್ನಣೆ ಸಿಕ್ಕಿತೆಂದು ತಿಳಿಯಬಾರದು. ತಮಿಳುನಾಡಿನಲ್ಲಿ ಮರುತ್ತುವರ್ ಎಂಬುದು ಕ್ಷೌರಿಕ ವೃತ್ತಿಯ ಸಮುದಾಯದ ಹೆಸರೂ ಹೌದು. ಆ ಮನೆಗಳ ಗಂಡಸರು ಗಾಯಕ್ಕೆ ಮದ್ದು ಕಟ್ಟುತ್ತಿದ್ದರು, ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಈ ಸಂಗತಿ ದಾಖಲಾಗಿದೆ.

ತೆಲುಗಿನ ‘ಮಂತ್ರಸಾನಿ’ ಇನ್ನೂ ವಿಚಿತ್ರವಾದ ಹೆಸರು. ‘ಸಾನಿ’ ಎಂದರೆ ಒಡತಿ, ದೊಡ್ಡ ಮನೆಯ ಹೆಂಗಸು. ಮಂತ್ರ ಬಲ್ಲ ಒಡತಿ ಎಂಬುದು ಅಕ್ಷರಶಃ ಅರ್ಥ. ಇಷ್ಟು ಗೌರವದ ಪದ ಬೇರಾವ ನುಡಿಯಲ್ಲೂ ಅವಳಿಗೆ ಸಿಕ್ಕಿಲ್ಲ. ಆದರೆ ಅದೇ ‘ಸಾನಿ’ ಒಂಟಿಯಾಗಿ ನಿಂತಾಗ ತೆಲುಗಿನಲ್ಲಿ ದೇವದಾಸಿ, ವೇಶ್ಯೆ ಎಂಬ ಅರ್ಥಕ್ಕೆ ಇಳಿಯಿತು. ಮಂತ್ರಸಾನಿಯ ಮೇಲೆ ಗಾದೆಯೂ ಹುಟ್ಟಿಕೊಂಡಿತು: ಮಂತ್ರಸಾನಿಯ ಕೆಲಸಕ್ಕೆ ಒಪ್ಪಿಕೊಂಡ ಮೇಲೆ ಏನು ಬಂದರೂ ಹಿಡಿಯಲೇಬೇಕು. ಒಲ್ಲದ ಕೆಲಸ ತಲೆಯ ಮೇಲೆ ಬಂದಾಗ ಜನ ಇದನ್ನು ನಕ್ಕು ಹೇಳುತ್ತಾರೆ. ನಗೆಯನ್ನು ಪಕ್ಕಕ್ಕಿಟ್ಟರೆ ಇದೊಂದು ವೃತ್ತಿಧರ್ಮದ ಮಾತು. ಮಗು ಗಂಡಾಗಲಿ ಹೆಣ್ಣಾಗಲಿ, ಬದುಕಿರಲಿ ಇಲ್ಲದಿರಲಿ, ಕೈ ಚಾಚಿದವಳು ಕೈ ಹಿಂದೆಗೆಯುವಂತಿಲ್ಲ.

ಉರ್ದುವಿನ ಮೂಲಕ ಬಂದ ‘ದಾಯಿ’ ಪಾರಸಿಯ ‘ದಾಯ’ದಿಂದ ಬಂದದ್ದು, ಸಂಸ್ಕೃತದ ‘ಧಾತ್ರಿ’ ಅದರ ದೂರದ ಅಕ್ಕ. ಧಾತ್ರಿ ಎಂದರೆ ಹಾಲೂಡಿಸುವವಳು. ಅದಕ್ಕೇ ಭೂಮಿಗೂ ಆ ಹೆಸರು. ತನ್ನ ಮಗನನ್ನು ಬಲಿಕೊಟ್ಟು ಮೇವಾಡದ ಉದಯಸಿಂಹನನ್ನು ಉಳಿಸಿದಳೆಂದು ಹೆಸರಾದ ಪನ್ನಾ ದಾಯಿ ಹೆರಿಗೆ ಮಾಡಿಸಿದವಳಲ್ಲ, ಸಾಕಿದವಳು. ಕನ್ನಡದ ‘ದಾದಿ’ಯೂ ಮೊದಲು ಸಾಕುವವಳಾಗಿದ್ದು, ಆಮೇಲೆ ಆಸ್ಪತ್ರೆಯ ನರ್ಸ್ ಆದಳು. ಬಂಗಲೆಗಳಲ್ಲಿ ಬಿಳಿಯರ ಮಕ್ಕಳನ್ನು ಆಡಿಸುತ್ತಿದ್ದ ‘ಆಯಾ’ ಪೋರ್ಚುಗೀಸರಿಂದ ಬಂದ ಪದ. ಉತ್ತರ ಆರ್ಕಾಟಿನ ತಮಿಳರ ಮನೆಯಲ್ಲಾದರೋ ಆಯಾ ಎಂದರೆ ಅಜ್ಜಿ. ಗುಡ್ಡದ ಮೇಲೆ ಕೆಲಸದವಳ ಹೆಸರಾಗಿದ್ದ ಸದ್ದು ಗುಡ್ಡದ ಕೆಳಗಿನ ಲೈನಿನಲ್ಲಿ ಮನೆಯ ಹಿರಿಯಳ ಹೆಸರಾಗಿತ್ತು.

ಹೆಸರುಗಳಿಗಿಂತ ಕ್ರಿಯಾಪದಗಳು ಇನ್ನೂ ಹೆಚ್ಚಿನದನ್ನು ಹೇಳುತ್ತವೆ. ಕನ್ನಡದ ‘ಹೆರು’ ಹಳಗನ್ನಡದ ‘ಪೆಱು’, ಅಂದರೆ ಪಡೆ. ತೆಲುಗಿನಲ್ಲಿ ಹೆರುವುದಕ್ಕೆ ‘ಕನು’ ಎನ್ನುತ್ತಾರೆ, ಕಾಣುವುದಕ್ಕೂ ಅದೇ ಪದ. ಇವು ತಾಯಿಯ ಕೆಲಸಗಳು. ಸೂಲಗಿತ್ತಿಯ ಕೆಲಸಕ್ಕೆ ಬೇರೆ ಕ್ರಿಯಾಪದವಿದೆ. ಕನ್ನಡದಲ್ಲಿ ಅವಳು ಹೆರಿಗೆ ‘ಮಾಡಿಸುತ್ತಾಳೆ’. ಮಾಡುವವಳು ತಾಯಿ, ಮಾಡಿಸುವವಳು ಇವಳು. ತೆಲುಗಿನಲ್ಲಿ ಅವಳು ‘ಪುರುಡು ಪೋಸಿಂದಿ’ ಎನ್ನುತ್ತಾರೆ. ಪೋಯು ಎಂದರೆ ಹೊಯ್ಯು. ತಮಿಳಿನಲ್ಲಿ ಅವಳು ‘ಪ್ರಸವಂ ಪಾರ್ತ್ತಾಳ್’, ಹೆರಿಗೆ ‘ನೋಡಿದಳು’. ಮಾಡಿಸುವುದು, ಹೊಯ್ಯುವುದು, ನೋಡುವುದು, ಈ ಮೂರರಲ್ಲೂ ತಾಯಿಯ ಕೆಲಸ ತಾಯಿಯದಾಗಿಯೇ ಉಳಿಯುತ್ತದೆ. ‘ಡಾಕ್ಟರು ಡೆಲಿವರಿ ಮಾಡಿದರು’ ಎಂಬ ಈಚಿನ ಮಾತಿನಲ್ಲಿ ಹೆತ್ತವಳೇ ವಾಕ್ಯದಿಂದ ಹೊರಗೆ ಉಳಿದುಬಿಡುತ್ತಾಳೆ.

ದೂರದ ನುಡಿಗಳೂ ಈ ಹೆಂಗಸಿನ ನಿಲುವನ್ನು ಗುರುತಿಸಿವೆ. ಇಂಗ್ಲಿಷಿನ ‘ಮಿಡ್‌ವೈಫ್’ನಲ್ಲಿ ಮಿಡ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ‘ಜೊತೆ’. ಹೆಣ್ಣಿನ ಜೊತೆಗಿರುವವಳು ಎಂದರ್ಥ. ಲ್ಯಾಟಿನ್ನಿನ ‘ಆಬ್‌ಸ್ಟೆಟ್ರಿಕ್ಸ್’ ಎದುರಿಗೆ ನಿಲ್ಲುವವಳು. ಫ್ರೆಂಚರಿಗೆ ಅವಳು ‘ಸಾಜ್ ಫಾಮ್’, ತಿಳಿವಳಿಕೆಯ ಹೆಂಗಸು. ಗ್ರೀಸಿನ ಸಾಕ್ರಟೀಸನ ತಾಯಿ ಫೈನಾರೆಟಿ ಸೂಲಗಿತ್ತಿಯಾಗಿದ್ದಳು. ಪ್ಲೇಟೋನ ‘ಥಿಯೇಟೀಟಸ್’ ಸಂವಾದದಲ್ಲಿ ಸಾಕ್ರಟೀಸ್ ತನ್ನದೂ ತಾಯಿಯ ಕಸುಬೇ, ಇತರರ ಮನಸ್ಸಿನಲ್ಲಿರುವ ವಿಚಾರಗಳಿಗೆ ಹೆರಿಗೆ ಮಾಡಿಸುವುದೇ ತನ್ನ ಕೆಲಸ ಎಂದು ಹೇಳಿಕೊಳ್ಳುತ್ತಾನೆ.

ಇಷ್ಟೊಂದು ಒಳ್ಳೆಯ ಹೆಸರುಗಳಿದ್ದ ಹೆಂಗಸು ಈ ನಾಡಿನಲ್ಲಿ ಎಲ್ಲಿ ನಿಂತಿದ್ದಳು ಎಂಬ ಪ್ರಶ್ನೆ ಈಗ ಎದುರಾಗುತ್ತದೆ. ಅದಕ್ಕೆ ಉತ್ತರವನ್ನು ‘ಪುರುಡು’ ಎಂಬ ಪದವೇ ಕೊಡುತ್ತದೆ. ತೆಲುಗಿನಲ್ಲಿ ಪುರುಡು ಎಂದರೆ ಹೆರಿಗೆ. ಗಡಿ ದಾಟಿ ಕನ್ನಡಕ್ಕೆ ಬಂದರೆ ಅದು ಹೆರಿಗೆಯಿಂದ ಮನೆಗೆ ತಗಲುವ ಮೈಲಿಗೆ. ಸಂಸ್ಕೃತದ ‘ಸೂತಕ’ದ ದಾರಿಯೂ ಇಂಥದೇ. ಹುಟ್ಟು ಎಂಬ ಅರ್ಥದ ಧಾತುವಿನಿಂದ ಬಂದ ಆ ಪದ ಮೊದಲು ಹುಟ್ಟಿನ ಮೈಲಿಗೆಯಾಯಿತು. ಇಂದು ಕನ್ನಡದಲ್ಲಿ ಸೂತಕದ ಮನೆ ಎಂದರೆ ಜನರ ಮನಸ್ಸಿಗೆ ಮೊದಲು ಬರುವುದು ಸಾವಿನ ಮನೆ. ಹುಟ್ಟನ್ನು ಹೇಳುತ್ತಿದ್ದ ಪದ ಸಾವಿನ ಬಾಗಿಲಲ್ಲಿ ಹೋಗಿ ನಿಂತಿತು.

ಆ ಮೈಲಿಗೆಯನ್ನು ಕೈಯಾರೆ ಎತ್ತುತ್ತಿದ್ದವಳು ಸೂಲಗಿತ್ತಿ. ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸು ತೆಗೆಯುವುದು, ಬಾಣಂತಿಗೆ ಎಣ್ಣೆ ನೀರು ಹಾಕುವುದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ಎಲ್ಲವೂ ಅವಳ ಪಾಲಿನ ಕೆಲಸ. ಅನೇಕ ಊರುಗಳಲ್ಲಿ ಈ ಕೆಲಸಕ್ಕೆ ಬರುತ್ತಿದ್ದವರು ಕ್ಷೌರಿಕ ಮನೆಗಳ, ದಲಿತ ಮನೆಗಳ ಹೆಂಗಸರು. ನೋವು ತಿನ್ನುವಾಗ ಒಳಕೋಣೆಯವರೆಗೆ ಕರೆತಂದವಳನ್ನು ಪುರುಡು ಕಳೆದ ಮೇಲೆ ಅದೇ ಮನೆ ಜಗುಲಿಯಲ್ಲಿ ನಿಲ್ಲಿಸಿ, ಎಲೆ ಅಡಿಕೆ, ಅಕ್ಕಿ, ಬೆಲ್ಲ, ಒಂದು ಸೀರೆ ಅಥವಾ ಕುಪ್ಪಸದ ಕಣ ಕೊಟ್ಟು ಕಳುಹಿಸುತ್ತಿತ್ತು. ಅವಳು ಎತ್ತಿದ ಮಗು ದೊಡ್ಡದಾಗಿ ಅವಳನ್ನು ಮುಟ್ಟದೆ ದೂರ ಸರಿಯುವ ದಿನವೂ ಬರುತ್ತಿತ್ತು.

ಆದರೆ ಎದುರಿಗೆ ಕರೆಯುವಾಗ ಈ ಕಸುಬಿನ ಹೆಸರುಗಳು ಹೆಚ್ಚಾಗಿ ಕೇಳಿಬರುತ್ತಿರಲಿಲ್ಲ ಎಂಬುದು ಗಮನಾರ್ಹ. ‘ಸೂಲಗಿತ್ತೀ, ಬಾ’ ಎಂದು ನೋವಿನ ಮನೆಯಲ್ಲಿ ಯಾರು ಕೂಗಿಯಾರು? ಅಲ್ಲಿ ಅವಳು ಅವ್ವ, ಅಜ್ಜಿ; ತಮಿಳರ ಲೈನಿನಲ್ಲಿ ಆಯಾ, ಪಾಟಿ. ಕಸುಬಿನ ಹೆಸರು ಅವಳ ಬೆನ್ನ ಹಿಂದಿನ ಮಾತು, ಬಂಧುತ್ವದ ಹೆಸರು ಮುಖದೆದುರಿನ ಮಾತು. ಬಿಸಿನೀರು ಕಾಯುತ್ತಿರುವ ಹೊತ್ತಿನಲ್ಲಿ ಜಾತಿಯನ್ನು ದಾಟಿದ ನಾಲಿಗೆ ಹನ್ನೊಂದನೆಯ ದಿನಕ್ಕೆ ಮತ್ತೆ ಹಳೆಯ ಜಾಗಕ್ಕೆ ಮರಳುತ್ತಿತ್ತು.

ಹಾಗೆಂದು ಹಳೆಯ ಕಾಲವನ್ನು ಹೊಗಳಿ ಕೂರುವಂತಿಲ್ಲ. ಶುದ್ಧಿಯಿಲ್ಲದ ಕುಡುಗೋಲು, ಬ್ಲೇಡುಗಳಿಂದ ಹೊಕ್ಕುಳಬಳ್ಳಿ ಕತ್ತರಿಸಿದ್ದರಿಂದ ಧನುರ್ವಾಯು ತಗಲಿ ಎಷ್ಟೋ ಹಸುಗೂಸುಗಳು ಸತ್ತವು. ರಕ್ತಸ್ರಾವ ನಿಲ್ಲದೆ ತಾಯಂದಿರು ಹೋದರು. ಮಗು ಅಡ್ಡ ನಿಂತರೆ ಒಳ್ಳೆಯ ಕೈಗುಣದ ಸೂಲಗಿತ್ತಿಯೂ ಎಲ್ಲ ಸಲ ಗೆಲ್ಲಲಾರಳು. ಚಿನ್ನದ ಗಣಿ ಪ್ರದೇಶದಲ್ಲಿ ಕಂಪನಿಯ ಆಸ್ಪತ್ರೆ ಇತ್ತು. ಹಳ್ಳಿಗಳಿಗೆ ಆ ಭಾಗ್ಯ ಬಹಳ ತಡವಾಗಿ ಬಂತು. 20ನೇ ಶತಮಾನದ ಆರಂಭದಲ್ಲಿ ವೈಸ್‌ರಾಯ್ ಕರ್ಜನ್ನನ ಪತ್ನಿ ವಿಕ್ಟೋರಿಯಾ ರಾಣಿಯ ಸ್ಮಾರಕ ನಿಧಿಯೊಂದನ್ನು ಕಟ್ಟಿ ದಾಯಿಯರಿಗೆ ತರಬೇತಿ ಕೊಡಿಸುವ ಯತ್ನ ಮಾಡಿದಳು. 1946ರ ಭೋರ್ ಸಮಿತಿ ಸಾಕಷ್ಟು ಮಿಡ್‌ವೈಫರು ಸಿಗುವವರೆಗೆ ದಾಯಿಯರಿಗೇ ತರಬೇತಿ ಕೊಡಬೇಕೆಂದಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು, ಆಶಾ ಕಾರ್ಯಕರ್ತೆಯರು ನೇಮಕಗೊಂಡ ಮೇಲೆ ಚಿತ್ರ ಪೂರ್ತಿ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳ ಪ್ರಮಾಣ 2005–06ರಲ್ಲಿ ಶೇ 64.7 ಇದ್ದದ್ದು 2019–21ರ ಹೊತ್ತಿಗೆ ಶೇ 97ಕ್ಕೆ ಏರಿತು. 2001–03ರಲ್ಲಿ 1 ಲಕ್ಷ ಸಜೀವ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ಅಂಕಿಗಳ ಮುಂದೆ ಯಾವ ಹಳೆಯ ಪದದ ವ್ಯಾಮೋಹವೂ ನಿಲ್ಲುವುದಿಲ್ಲ.

ಆದರೂ ಕೆಲಸದ ಜೊತೆಗೆ ಹೆಸರುಗಳಿಗೆ ಏನಾಯಿತು ಎಂದು ನೋಡುವುದು ಅಗತ್ಯ. ಸರ್ಕಾರದ ಕನ್ನಡದಲ್ಲಿ ಹಳ್ಳಿಯ ಎಎನ್ಎಂ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎನಿಸಿಕೊಂಡಳು. ಈಚೆಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ’ ಆದಳು. ಎಎನ್ಎಂ ಎಂಬ ಮೂರಕ್ಷರದ ಕೊನೆಯ ಅಕ್ಷರ ಮಿಡ್‌ವೈಫ್ ಎಂಬುದನ್ನು ಸೂಚಿಸುತ್ತದೆ. ಕನ್ನಡದ ಹೆಸರುಗಳಲ್ಲಿ ಹೆರಿಗೆಯೂ ಇಲ್ಲ, ಸೂಲೂ ಇಲ್ಲ. ಆಸ್ಪತ್ರೆಯ ನರ್ಸ್ ‘ಶುಶ್ರೂಷಾಧಿಕಾರಿ’. ಶುಶ್ರೂಷೆಯ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಎದುರಿಗಿರುವವರ ಮಾತಿಗೆ ಕಿವಿಗೊಡುವುದೇ ಆರೈಕೆಯ ಮೊದಲ ಹೆಜ್ಜೆ ಎಂಬ ಹಳೆಯ ಅರಿವು ಅದರಲ್ಲಿದೆ. ‘ಅಧಿಕಾರಿ’ ಸೇರಿದ ಮೇಲೆ ಆ ಕಿವಿ ಯಾರಿಗೂ ಕಾಣುವುದಿಲ್ಲ. ಇವರಿಗೆ ಗೌರವದ ಹುದ್ದೆನಾಮ ಸಿಕ್ಕಿದ್ದು ನ್ಯಾಯವೇ. ಆದರೆ ಗೌರವ ಬರಬೇಕಾದರೆ ಕೆಲಸದ ಹೆಸರು ಮರೆಯಾಗಲೇಬೇಕೆಂಬ ಲೆಕ್ಕಾಚಾರ ಎಲ್ಲಿಂದ ಬಂತು? ಸೂಲು, ಮಾಸು, ಪುರುಡುಗಳ ಮೇಲಿನ ಹಳೆಯ ಅಸಹ್ಯವೇ ಹೊಸ ಅಂಗಿ ತೊಟ್ಟು ಇಲ್ಲಿ ಕುಳಿತಿದೆ.

ಈ ಅಸಹ್ಯವನ್ನು ಮೀರಿ ನಿಂತ ಉದಾಹರಣೆಯೊಂದು ಕರ್ನಾಟಕದಲ್ಲಿಯೇ ಇದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೋಲಾರದಂತೆ ಪಾವಗಡವೂ ಆಂಧ್ರದ ಗಡಿಗೆ ತಾಗಿದ ನೆಲ. ಅವರ ಮನೆಮಾತು ತೆಲುಗು. ಅಜ್ಜಿಯಿಂದ ಕಲಿತ ಕಸುಬನ್ನು ಏಳು ದಶಕಗಳ ಕಾಲ ನಡೆಸಿ, ಹಣ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಅವರು ಖ್ಯಾತರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಪ್ರಶಸ್ತಿ ಬಂದ ದಿನ ನಾಡಿನ ಪತ್ರಿಕೆಗಳು ಅವರನ್ನು ಬರೆದದ್ದು ‘ಸೂಲಗಿತ್ತಿ ನರಸಮ್ಮ’ ಎಂದೇ. ಬೆನ್ನ ಹಿಂದೆ ಆಡುತ್ತಿದ್ದ ಕಸುಬಿನ ಹೆಸರು ಬಿರುದಿನಂತೆ ಹೆಸರಿನ ಮುಂದೆ ಬಂದು ಕುಳಿತಿತು. ಪಂಡಿತ, ಉಸ್ತಾದ ಎಂಬ ಪದಗಳು ಸಂಗೀತಗಾರರ ಹೆಸರಿನ ಮುಂದೆ ಕೂರುವ ಹಾಗೆಯೇ ಅದು ಕೂತಿತು. ತೆಲುಗು ಮನೆಮಾತಿನ ಮಂತ್ರಸಾನಿಯೊಬ್ಬರು ಕನ್ನಡದ ಸೂಲಗಿತ್ತಿ ಎಂಬ ಪದಕ್ಕೆ ಈ ಮಾನ ತಂದುಕೊಟ್ಟರು.

ಅದೇ 2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಹೊಸ ಮಾರ್ಗಸೂಚಿ ಹೊರಡಿಸಿತು. ತೊಡಕಿಲ್ಲದ ಸಹಜ ಹೆರಿಗೆಗಳನ್ನು ವಿಶೇಷ ತರಬೇತಿ ಪಡೆದ ನರ್ಸುಗಳೇ ನೋಡಿಕೊಳ್ಳಬೇಕು, ಅನಗತ್ಯ ಸಿಸೇರಿಯನ್ ತಗ್ಗಬೇಕು, ಹೆರುವವಳ ಪಕ್ಕದಲ್ಲಿ ಒಬ್ಬರು ಕೊನೆಯವರೆಗೂ ಇರಬೇಕು ಎಂಬುದು ಅದರ ಆಶಯ. ಅಂದರೆ ಆಸ್ಪತ್ರೆಯ ಶುದ್ಧಿ, ಔಷಧ, ರಕ್ತ ಎಲ್ಲವನ್ನೂ ಉಳಿಸಿಕೊಂಡೇ ಹಳೆಯ ಅವ್ವನ ಜೊತೆಗಾರಿಕೆಯನ್ನು ಮರಳಿ ತರುವ ಯತ್ನ ಇದು. ಇಂಥ ನರ್ಸ್ ಹೆರಿಗೆ ಕೋಣೆಗೆ ಬಂದಾಗ ಕನ್ನಡದಲ್ಲಿ ಅವರನ್ನು ಏನೆಂದು ಕರೆಯಬೇಕು?

ಹೊಸ ಸಂಸ್ಕೃತ ಸಮಾಸವೊಂದನ್ನು ಕಟ್ಟುವುದು ಸುಲಭ. ಇಂಗ್ಲಿಷಿನ ಮೂರಕ್ಷರಕ್ಕೆ ಬಿಡುವುದು ಇನ್ನೂ ಸುಲಭ. ಆದರೆ ಇಂಗ್ಲೆಂಡು ತನ್ನ ಮಿಡ್‌ವೈಫ್ ಪದವನ್ನಾಗಲಿ ಫ್ರಾನ್ಸ್ ತನ್ನ ಸಾಜ್ ಫಾಮ್ ಪದವನ್ನಾಗಲಿ ಕೈಬಿಡಲಿಲ್ಲ. ಮುದುಕಿಯರ ಕಸುಬಿನ ಆ ಹೆಸರುಗಳೇ ಇಂದು ಅಲ್ಲಿ ಓದಿ ಪರೀಕ್ಷೆ ಪಾಸು ಮಾಡಿದ ಪರಿಣತರ ಹುದ್ದೆನಾಮಗಳು. ಸೂಲಗಿತ್ತಿ ಎಂಬ ಪದಕ್ಕೆ ಆ ಯೋಗ್ಯತೆ ಕಡಿಮೆಯಿಲ್ಲ. ಅದಕ್ಕೆ ಅಂಟಿದ ಕೊಳೆ ಜಾತಿಯ ಕಣ್ಣಿನದು, ಪದದ್ದಲ್ಲ.

ಹಸು ಕೊಳ್ಳುವವರು ಬಂಗಾರಪೇಟೆಯ ಹಳ್ಳಿಗಳಲ್ಲಿ ಇಂದಿಗೂ ‘ಎಷ್ಟನೇ ಸೂಲು?’ ಎಂದು ಕೇಳುತ್ತಿದ್ದಾರೆ. ಆದ್ದರಿಂದ ಪದ ಇನ್ನೂ ಸತ್ತಿಲ್ಲ. ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದನ್ನು ಮತ್ತೆ ಮನೆಯೊಳಕ್ಕೆ ಕರೆಯುವುದು ಕನ್ನಡ ಮಾತಾಡುವವರ ಕೆಲಸ.